ಪಾರ್ಟಿಷನ್ ಬದಲಿಸುವ ಮುನ್ನ: ಒಂದು ಮಂಡಿಯ ಲೆಕ್ಕ ಕಲಿಸಿದ ಪಾಠ

ನಮ್ಮೂರು ಅಜ್ಜಂಪುರ. ಕಾಲೇಜಿಗೆ ಕಡೂರಿಗೆ ಬರುತ್ತೇನೆ. ರಜೆ ಬಂದರೆ ತರೀಕೆರೆಯಲ್ಲಿ ಮಾಮುವಿನ ಅಡಿಕೆ ಮಂಡಿಯಲ್ಲಿ ಕುಳಿತು ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಾಮರ್ಸ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ ಎಂದು ಅಬ್ಬಾ ಹೇಳುತ್ತಾರೆ. ಕಳೆದ ರಜೆಯಲ್ಲಿ ಅದೇ ಮಂಡಿಯ ಕಂಪ್ಯೂಟರಿನಲ್ಲಿ ನಾನು ಒಂದು ತಪ್ಪು ಮಾಡಿದೆ. ನಿಮ್ಮಲ್ಲಿ ಯಾರೂ ಅದೇ ತಪ್ಪು ಮಾಡಬಾರದೆಂದು ಈ ಲೇಖನ ಬರೆಯುತ್ತಿದ್ದೇನೆ.

ಮಂಡಿಯಲ್ಲಿ ಮೂರು ಕಂಪ್ಯೂಟರ್ ಇವೆ. ಟ್ಯಾಲಿಯ ಡೇಟಾ ಇರುವುದು ಒಂದರಲ್ಲಿ ಮಾತ್ರ. ಉಳಿದ ಎರಡು ಅದರಿಂದಲೇ ಲೆಕ್ಕ ತೆಗೆದುಕೊಳ್ಳುತ್ತವೆ. ಹಾಗಾಗಿ ಅದನ್ನು ಎಲ್ಲರೂ ‘ಸರ್ವರ್’ ಎನ್ನುತ್ತಾರೆ. ಅದರ ಹಾರ್ಡ್ ಡಿಸ್ಕ್ 500 ಜಿಬಿಯದು. ತಯಾರಕರು 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಆದ್ದರಿಂದ ಪರದೆಯಲ್ಲಿ ಕಾಣುವುದು ಸುಮಾರು 465 ಜಿಬಿ. ಅದರಲ್ಲಿ ಸಿ ಡ್ರೈವ್‌ಗೆ ಹತ್ತಿರ ಹತ್ತಿರ 100, ಉಳಿದದ್ದೆಲ್ಲ ಡಿ ಡ್ರೈವ್‌ಗೆ. ಸಿ ತುಂಬಿ ಕೆಂಪು ಪಟ್ಟಿ ಬಂದಿತ್ತು, ಕಂಪ್ಯೂಟರ್ ಎತ್ತಿನ ಗಾಡಿಯಂತೆ ನಡೆಯುತ್ತಿತ್ತು. ಡಿ ಅರ್ಧಕ್ಕಿಂತ ಹೆಚ್ಚು ಖಾಲಿ. “ಡಿಯಿಂದ ಸ್ವಲ್ಪ ಕಿತ್ತು ಸಿಗೆ ಕೊಟ್ಟರಾಯಿತು” ಎಂದು ನಾನು ಮಾಮುವಿಗೆ ಹೇಳಿದೆ. ಮಾಮು ನಂಬಿದರು.

ಮೊದಲು, ಪಾರ್ಟಿಷನ್ ಎಂದರೇನು?

ನಮ್ಮ ಮನೆಯಲ್ಲಿ ಪಾರ್ಟಿಷನ್ ಎಂದರೆ ದಾದಾ ಅವರ ತೋಟ ಅಬ್ಬಾ ಮತ್ತು ಚಾಚಾ ನಡುವೆ ಭಾಗವಾದದ್ದು. ಡಿಸ್ಕಿನ ಪಾರ್ಟಿಷನ್ ಕೂಡ ಹೆಚ್ಚು ಬೇರೆಯಲ್ಲ. ಇಡೀ ಡಿಸ್ಕ್ ಒಂದು ಸರ್ವೆ ನಂಬರ್ ಎಂದುಕೊಳ್ಳಿ. ಸಿ, ಡಿ ಎಂಬುವು ಅದರ ಹಿಸ್ಸೆಗಳು. ನೆಲದ ಮೇಲೆ ಗೋಡೆ ಇರುವುದಿಲ್ಲ. ಯಾವ ಹಿಸ್ಸೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ದಾಖಲೆಯಲ್ಲಿ ಮಾತ್ರ ಇರುತ್ತದೆ. ಡಿಸ್ಕಿನಲ್ಲಿ ಆ ದಾಖಲೆಗೆ ಪಾರ್ಟಿಷನ್ ಟೇಬಲ್ ಎಂದು ಹೆಸರು.

ಈ ದಾಖಲೆ ಎರಡು ಬಗೆಯದು. ಹಳೆಯದು ಎಂಬಿಆರ್. 1983ರಲ್ಲಿ ಐಬಿಎಂ ಕಂಪನಿಯ ಪಿಸಿಗಳಿಗೆ ಹಾರ್ಡ್ ಡಿಸ್ಕ್ ಬಂದಾಗ ಡಾಸ್ 2.0 ಜೊತೆ ಇದು ಬಂತು. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ ಇರುತ್ತದೆ, ಮುಖ್ಯ ಪಾರ್ಟಿಷನ್‌ಗಳು ನಾಲ್ಕೇ. ಪ್ರತಿ ಸೆಕ್ಟರ್ 512 ಬೈಟ್ ಇದ್ದರೆ ಸುಮಾರು 2 ಟಿಬಿಯಿಂದ ಆಚೆಗೆ ಅದಕ್ಕೆ ಎಣಿಕೆಯೇ ಬಾರದು. ಹೊಸದು ಜಿಪಿಟಿ. ವಿಂಡೋಸ್‌ನಲ್ಲಿ 128 ಪಾರ್ಟಿಷನ್‌ವರೆಗೆ ಮಾಡಬಹುದು, ದೊಡ್ಡ ಡಿಸ್ಕಿಗೂ ಆಗುತ್ತದೆ. ಮುಖ್ಯವಾಗಿ, ಟೇಬಲಿನ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದರಿಂದ ಸರಿ ಮಾಡಬಹುದು.

ದಾಖಲೆ ಬೇರೆ, ಬೆಳೆ ಬೇರೆ

ಹಿಸ್ಸೆಯ ಒಳಗೆ ಏನು ಎಲ್ಲಿದೆ ಎಂಬ ಲೆಕ್ಕ ಇಡುವುದು ಫೈಲ್ ಸಿಸ್ಟಂ. ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್. ಪಾರ್ಟಿಷನ್ ಗಾತ್ರ ಬದಲಿಸುವಾಗ ಗಡಿಯನ್ನೂ ಬದಲಿಸಬೇಕು, ಒಳಗಿನ ಲೆಕ್ಕವನ್ನೂ ಬದಲಿಸಬೇಕು. ಇದರಲ್ಲಿ ಕ್ರಮ ತಪ್ಪಿದರೆ ಕೆಟ್ಟಿತು.

ಚಿಕ್ಕದು ಮಾಡುವಾಗ ಮೊದಲು ಫೈಲ್ ಸಿಸ್ಟಂ ಕುಗ್ಗಬೇಕು, ಆಮೇಲೆ ಗಡಿ ಒಳಗೆ ಬರಬೇಕು. ತೋಟದ ಅಂಚಿನ ಮರಗಳನ್ನು ಒಳಗೆ ಸಾಗಿಸದೆ ಬಾಂದು ಕಲ್ಲು ಒಳಗೆ ತಂದರೆ ಆ ಮರಗಳು ಬೇರೆಯವರ ಪಾಲಾಗುತ್ತವೆ. ದೊಡ್ಡದು ಮಾಡುವಾಗ ಇದಕ್ಕೆ ತಿರುಗು ಮುರುಗು: ಮೊದಲು ಗಡಿ, ಆಮೇಲೆ ಫೈಲ್ ಸಿಸ್ಟಂ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಶ್ರಿಂಕ್ ವಾಲ್ಯೂಮ್, ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿದರೆ ಎರಡೂ ಸರಿಯಾದ ಕ್ರಮದಲ್ಲೇ ನಡೆಯುತ್ತವೆ. ಲಿನಕ್ಸ್‌ನಲ್ಲಿ ಆಜ್ಞೆಗಳನ್ನು ಬಿಡಿಬಿಡಿಯಾಗಿ ಕೊಡುವಾಗ ಕ್ರಮ ನಾವೇ ನೆನಪಿಡಬೇಕು.

ಇನ್ನೊಂದು ನಿಯಮ ಪಕ್ಕದ ಜಮೀನಿನದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿಯನ್ನು ದೊಡ್ಡದು ಮಾಡಬೇಕಾದರೆ ಸಿಯ ಬಲಕ್ಕೆ, ಅದಕ್ಕೆ ಅಂಟಿಕೊಂಡೇ ಖಾಲಿ ಜಾಗ ಇರಬೇಕು. ಡಿಯನ್ನು ಶ್ರಿಂಕ್ ಮಾಡಿದರೆ ಖಾಲಿ ಜಾಗ ಬರುವುದು ಡಿಯ ಬಲ ತುದಿಯಲ್ಲಿ. ನಡುವೆ ಡಿ ಇದೆಯಲ್ಲ! ಅದಕ್ಕೇ ಎಕ್ಸ್‌ಟೆಂಡ್ ವಾಲ್ಯೂಮ್ ಮಸುಕಾಗಿ ಕಾಣುತ್ತದೆ, ಒತ್ತಲು ಬರುವುದಿಲ್ಲ. ಎಷ್ಟೋ ಕಡೆ ಸಿಯ ಪಕ್ಕದಲ್ಲೇ ಚಿಕ್ಕ ರಿಕವರಿ ಪಾರ್ಟಿಷನ್ ಕೂತು ಇದೇ ತೊಂದರೆ ಕೊಡುತ್ತದೆ.

ನಾನು ಮಾಡಿದ್ದು

ಮಸುಕಾದ ಮೆನು ಒಂದು ಎಚ್ಚರಿಕೆ ಎಂದು ನನಗೆ ಹೊಳೆಯಲಿಲ್ಲ. ಬೇರೊಂದು ಉಚಿತ ತಂತ್ರಾಂಶ ಹಾಕಿಕೊಂಡೆ. ಅದರಲ್ಲಿ ಗಡಿಯನ್ನು ಮೌಸ್‌ನಿಂದ ಎಳೆದರೆ ಸಾಕು. ಎಳೆದೆ. ಆದರೆ ಡಿಯ ಎಡಗಡೆಯ ಗಡಿ ಸರಿಸುವುದೆಂದರೆ ಡಿಯ ಪ್ರಾರಂಭವೇ ಬದಲಾಗುತ್ತದೆ. ಅದರೊಳಗಿನ ಡೇಟಾವನ್ನೆಲ್ಲ ಒಂದೊಂದಾಗಿ ಮುಂದಕ್ಕೆ ಹೊತ್ತು ಹಾಕಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ ಅದು. ಶೇಕಡಾ 40 ದಾಟಿರಬೇಕು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳತು, ಎರಡು ನಿಮಿಷವೂ ನಿಲ್ಲಲಿಲ್ಲ.

ಕರೆಂಟ್ ಬಂದ ಮೇಲೆ ಡಿ ಡ್ರೈವ್ ‘ರಾ’ ಎಂದು ತೋರಿಸಿತು. ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳಿತು. ಟ್ಯಾಲಿಯ ಡೇಟಾ ಡಿಯಲ್ಲಿತ್ತು. ಅದರ ಬ್ಯಾಕಪ್ ಕೂಡ ಡಿಯಲ್ಲೇ ಇತ್ತು, ‘ಬ್ಯಾಕಪ್’ ಎಂಬ ಫೋಲ್ಡರಿನಲ್ಲಿ.

ಮಂಡಿಯ ಲೆಕ್ಕ ಎಂದರೆ ಬರೀ ಮಾಮುವಿನ ಲೆಕ್ಕವಲ್ಲ. ಯಾವ ರೈತರ ರಾಶಿ ಅಡಿಕೆ ಎಷ್ಟು ಚೀಲ ಬಂದಿದೆ, ಯಾರ ಬೆಟ್ಟೆ ಇನ್ನೂ ಮಾರಾಟವಾಗಿಲ್ಲ, ಮಗಳ ಮದುವೆಗೆಂದು ಯಾರು ಎಷ್ಟು ಮುಂಗಡ ಒಯ್ದಿದ್ದಾರೆ, ಎಲ್ಲ ಅದರಲ್ಲಿದೆ. ನಮ್ಮ ಮನೆಯಲ್ಲಿ ಇದಕ್ಕೆ ಅಮಾನತ್ ಎನ್ನುತ್ತೇವೆ, ಬೇರೆಯವರು ನಂಬಿ ಕೊಟ್ಟ ವಸ್ತು. ಕಾನೂನೂ ಸುಮ್ಮನಿಲ್ಲ: ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅವತ್ತು ನನಗೆ ಊಟ ಸೇರಲಿಲ್ಲ. ಮಾಮು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾಡಿದ ತಪ್ಪುಗಳ ನಡುವೆ ಒಂದು ಸರಿಯಾದ ಕೆಲಸ ಮಾಡಿದೆ: ಫಾರ್ಮ್ಯಾಟ್ ಬೇಡ ಎಂದು ಒತ್ತಿ ಕಂಪ್ಯೂಟರ್ ಆಫ್ ಮಾಡಿದೆ. ಗೊತ್ತಿದ್ದವರೊಬ್ಬರು ಮೊದಲು ಇಡೀ ಡಿಸ್ಕಿನ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಆ ಪ್ರತಿಯ ಮೇಲೆ ಮಾತ್ರ ಪ್ರಯತ್ನ ಮಾಡಿದರು. ಮೂಲವನ್ನು ಮುಟ್ಟಲಿಲ್ಲ. ಹಳೆಯ ಒಂದು ಬ್ಯಾಕಪ್ ಫೈಲ್ ಸಿಕ್ಕಿತು. ಅದರ ನಂತರದ 19 ದಿನಗಳ ಲೆಕ್ಕ ಸಿಗಲಿಲ್ಲ.

ಆ 19 ದಿನ ಉಳಿಸಿಕೊಟ್ಟವರು ಮಂಡಿಯ ಗುಮಾಸ್ತ ಅಜ್ಜ. ಟ್ಯಾಲಿ ಬಂದ ಮೇಲೂ ಅವರು ಕಿರ್ದಿ ಪುಸ್ತಕ ಬರೆಯುವುದನ್ನು ಬಿಟ್ಟಿರಲಿಲ್ಲ. ನಾನೇ ಎಷ್ಟೋ ಸಲ ನಕ್ಕಿದ್ದೆ. ಪುಸ್ತಕ ನನ್ನ ಮುಂದೆ ಇಟ್ಟು, “ತಗೊಳವ್ವಾ, ಇದಕ್ಕೆ ಕರೆಂಟ್ ಬೇಡ” ಎಂದರು. ಕಿರ್ದಿ, ಪಟ್ಟಿಗಳ ಕಾರ್ಬನ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಎದುರಿಗಿಟ್ಟುಕೊಂಡು ನಾಲ್ಕು ದಿನ ಕೂತು ಎಲ್ಲ ಮತ್ತೆ ಏರಿಸಿದೆ. ಕೊನೆಯಲ್ಲಿ ನಗದು ಶಿಲ್ಕು ತಾಳೆಯಾದಾಗ ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಹೇಳಲಿಲ್ಲ.

ಆಮೇಲೆ ಸಿ ಡ್ರೈವ್ ಬಿಚ್ಚಿ ನೋಡಿದೆವು. ಡೆಸ್ಕ್‌ಟಾಪ್ ತುಂಬ ಮೊಬೈಲಿನಿಂದ ಇಳಿಸಿದ ಮದುವೆ ವಿಡಿಯೋಗಳು, ರೀಸೈಕಲ್ ಬಿನ್, ಹಳೆಯ ಅಪ್‌ಡೇಟ್ ಫೈಲುಗಳು. ವಿಡಿಯೋಗಳನ್ನು ಬೇರೆಡೆಗೆ ಸಾಗಿಸಿ ಡಿಸ್ಕ್ ಕ್ಲೀನಪ್ ಮಾಡಿದಾಗ 30 ಜಿಬಿಗಿಂತ ಹೆಚ್ಚು ಖಾಲಿಯಾಯಿತು. ಪಾರ್ಟಿಷನ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಮಾಡಲೇಬೇಕಾದರೆ, ಹೀಗೆ ಮಾಡಿ

1. ಬೇಕೇ ಬೇಕೇ ಎಂದು ಕೇಳಿಕೊಳ್ಳಿ. ಜಾಗ ಯಾವುದರಿಂದ ತುಂಬಿದೆ ನೋಡಿ. ಸ್ವಚ್ಛ ಮಾಡಿದರೆ, ಅಥವಾ ಒಂದು ಫೋಲ್ಡರನ್ನು ಬೇರೆ ಡ್ರೈವ್‌ಗೆ ಸಾಗಿಸಿದರೆ ಸಾಕಾಗಬಹುದು.

2. ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ: ಇದನ್ನು 3-2-1 ನಿಯಮ ಎನ್ನುತ್ತಾರೆ. ಸಿಯ ಬ್ಯಾಕಪ್ ಡಿಯಲ್ಲಿದ್ದರೆ ಅದು ಬ್ಯಾಕಪ್ ಅಲ್ಲ, ಎರಡೂ ಒಂದೇ ಡಿಸ್ಕ್. ಎರಡು ಡಿಸ್ಕಿನ ರೇಡ್ ಇದ್ದರೂ ಬ್ಯಾಕಪ್ ಬೇಕು. ಒಂದರಲ್ಲಿ ಮಾಡಿದ ತಪ್ಪು ಆ ಕ್ಷಣವೇ ಇನ್ನೊಂದರಲ್ಲೂ ಆಗುತ್ತದೆ.

3. ಬ್ಯಾಕಪ್ ತೆರೆದು ನೋಡಿ. ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಟ್ರಯಲ್ ಬ್ಯಾಲೆನ್ಸ್ ತೆಗೆದು ಮೂಲದ ಜೊತೆ ತಾಳೆ ನೋಡಿ. ಕಾಮರ್ಸ್‌ನವರಿಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ಬೇರೆ ಯಾವುದಿದೆ?

4. ಈಗಿನ ಸ್ಥಿತಿ ಬರೆದಿಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಫೋಟೋ ತೆಗೆಯಿರಿ. ಎಂಬಿಆರ್ ಇದೆಯೋ ಜಿಪಿಟಿ ಇದೆಯೋ, ಯಾವ ಪಾರ್ಟಿಷನ್ ಎಷ್ಟು ಎಂದು ಕಾಗದದ ಮೇಲೆ ಬರೆಯಿರಿ.

5. ಡಿಸ್ಕಿನ ಆರೋಗ್ಯ ನೋಡಿ. ಚೆಕ್‌ಡಿಸ್ಕ್ ಓಡಿಸಿ. ದೋಷ ಇರುವ ಡಿಸ್ಕಿನ ಗಡಿ ಬದಲಿಸುವುದಕ್ಕಿಂತ ಹೊಸ ಡಿಸ್ಕ್ ಕೊಳ್ಳುವುದು ಅಗ್ಗ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೈಯಲ್ಲಿರಲಿ, ಕೆಲಸ ಮುಗಿಯುವವರೆಗೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಿ.

6. ಎಲ್ಲರನ್ನೂ ಹೊರಗೆ ಕಳಿಸಿ. ಸರ್ವರ್ ಎಂದಮೇಲೆ ಬೇರೆ ಕಂಪ್ಯೂಟರುಗಳು ಅದರಲ್ಲಿ ಬರೆಯುತ್ತಿರುತ್ತವೆ. ಎಲ್ಲ ಕಡೆ ಟ್ಯಾಲಿ ಮುಚ್ಚಿಸಿ. ವಹಿವಾಟು ಇಲ್ಲದ ದಿನ ಆರಿಸಿಕೊಳ್ಳಿ. ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೊದಲೇ ಪರೀಕ್ಷಿಸಿ.

7. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಹೆಜ್ಜೆಯ ನಂತರ ಫೈಲುಗಳು ತೆರೆಯುತ್ತವೆಯೇ ನೋಡಿ. ನಡುವೆ ಕ್ಯಾನ್ಸಲ್ ಒತ್ತಬೇಡಿ.

8. ಎಡಗಡೆಯ ಗಡಿ ಆದಷ್ಟು ಮುಟ್ಟಬೇಡಿ. ಡಿಯ ಡೇಟಾವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ತಾಳೆ ನೋಡಿ, ಡಿಯನ್ನು ಅಳಿಸಿ, ಸಿಯನ್ನು ಬಲಕ್ಕೆ ಎಕ್ಸ್‌ಟೆಂಡ್ ಮಾಡಿ, ಉಳಿದ ಜಾಗದಲ್ಲಿ ಡಿಯನ್ನು ಮತ್ತೆ ಮಾಡಿ ಡೇಟಾ ವಾಪಸ್ ಹಾಕುವುದು ಎಷ್ಟೋ ವಾಸಿ. ಕರೆಂಟ್ ಹೋದರೂ ನಕಲು ಬೇರೆ ಕಡೆ ಕ್ಷೇಮವಾಗಿರುತ್ತದೆ.

ಇನ್ನೊಂದು ಮಾತು: ಶ್ರಿಂಕ್ ಮಾಡುವಾಗ ಖಾಲಿ ಜಾಗ 200 ಜಿಬಿ ಇದ್ದರೂ ವಿಂಡೋಸ್ 40 ಮಾತ್ರ ಕೊಡುತ್ತೇನೆ ಎನ್ನಬಹುದು. ಪೇಜ್ ಫೈಲ್‌ನಂತಹ ಕೆಲವು ಫೈಲುಗಳನ್ನು ಆಗ ಸರಿಸಲು ಬರುವುದಿಲ್ಲ. ಅವು ಕೂತಿರುವಲ್ಲಿಗೇ ಗಡಿ ನಿಲ್ಲುತ್ತದೆ. ಬಲವಂತ ಮಾಡಬೇಡಿ.

ದೊಡ್ಡ ಸರ್ವರುಗಳಲ್ಲಿ

ಲಿನಕ್ಸ್ ಸರ್ವರುಗಳಲ್ಲಿ ಎಲ್‌ವಿಎಂ ಎಂಬ ವ್ಯವಸ್ಥೆ ಇದೆ. ಅದು ನನಗೆ ಮಂಡಿಯ ಗೋದಾಮಿನಂತೆ ಕಂಡಿತು. ಸರಕು ಎರಡು ಮೂರು ಗೋದಾಮಿನಲ್ಲಿದ್ದರೂ ಪುಸ್ತಕದಲ್ಲಿ ಒಂದೇ ದಾಸ್ತಾನು ಖಾತೆ. ಹಾಗೆಯೇ ಎಲ್‌ವಿಎಂ ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ದಾಸ್ತಾನು ಮಾಡುತ್ತದೆ. ಮಾಮೂಲಿಗೆ 4 ಎಂಬಿಯ ತುಂಡುಗಳಾಗಿ ಹಂಚುತ್ತದೆ. ಜಾಗ ಸಾಲದಿದ್ದರೆ ಹೊಸ ಡಿಸ್ಕ್ ಸೇರಿಸಿ ತುಂಡು ಕೊಟ್ಟರಾಯಿತು, ಪಕ್ಕದ ಜಮೀನೇ ಆಗಬೇಕೆಂದಿಲ್ಲ. ಇಎಕ್ಸ್‌ಟಿ4 ಅನ್ನು ಸರ್ವರ್ ಓಡುತ್ತಿರುವಾಗಲೇ ಹಿಗ್ಗಿಸಬಹುದು, ಕುಗ್ಗಿಸಲು ಮಾತ್ರ ಅನ್‌ಮೌಂಟ್ ಮಾಡಬೇಕು. ಎಕ್ಸ್‌ಎಫ್‌ಎಸ್ ಹಿಗ್ಗುತ್ತದೆ, ಅದನ್ನು ಕುಗ್ಗಿಸಬಹುದೆಂದು ನಂಬಿ ಯೋಜನೆ ಹಾಕಬೇಡಿ. ಆದ್ದರಿಂದ ತಿಳಿದವರು ಮೊದಲೇ ಎಲ್ಲ ಜಾಗವನ್ನೂ ಹಂಚಿಬಿಡುವುದಿಲ್ಲ, ಸ್ವಲ್ಪ ಕಾದಿಡುತ್ತಾರೆ. ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ.

ನಮ್ಮ ಕಡೆಯ ದೊಡ್ಡ ಉದಾಹರಣೆ ಭೂಮಿ ಯೋಜನೆ. ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. ಅಂಥ ಕಡೆ ಒಂದು ಗಡಿ ತಪ್ಪಾದರೆ ಎಷ್ಟು ಮನೆಗಳ ಜಮೀನಿನ ಮಾತಾಗುತ್ತದೆ ಎಂದು ಯೋಚಿಸಿ. ಈಚೆಗೆ ತರೀಕೆರೆಯಿಂದ ಬೇರ್ಪಟ್ಟು ನಮ್ಮ ಅಜ್ಜಂಪುರವೇ ತಾಲ್ಲೂಕಾಯಿತು. ನೆಲ ಎಲ್ಲಿತ್ತೋ ಅಲ್ಲೇ ಇದೆ, ಬದಲಾಗಿದ್ದು ದಾಖಲೆ. ದಾಖಲೆ ಜೋಪಾನವಾಗಿದ್ದರೆ ಮಾತ್ರ ಗಡಿ ಬದಲಿಸಿದರೂ ನೆಲ ಉಳಿಯುತ್ತದೆ.

ಈಗ ಮಂಡಿಯಲ್ಲಿ ಪ್ರತಿ ಸಂಜೆ ಬಾಗಿಲು ಹಾಕುವ ಮುಂಚೆ ಟ್ಯಾಲಿಯ ಬ್ಯಾಕಪ್ ಹೊರಗಿನ ಡಿಸ್ಕಿಗೆ ಹೋಗುತ್ತದೆ. ಆ ಡಿಸ್ಕ್ ಮಾಮುವಿನ ಜೊತೆ ಮನೆಗೆ ಹೋಗುತ್ತದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ. ಗುಮಾಸ್ತ ಅಜ್ಜನ ಕಿರ್ದಿ ಪುಸ್ತಕವೂ ನಡೆಯುತ್ತಿದೆ. ನಾನು ಈಗ ನಗುವುದಿಲ್ಲ. ಪುಟ ಮುಗಿದರೆ ಹೊಸ ಪುಸ್ತಕ ತಂದುಕೊಡುವವಳು ನಾನೇ.