ಮೂಲೆಹೊಳೆಯಲ್ಲಿ ಮಳೆಯ ಲೆಕ್ಕ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ, ಕೇರಳದ ಗಡಿಗೆ ಮುನ್ನ ಮೂಲೆಹೊಳೆ ಸಿಗುತ್ತದೆ. ಬಂಡೀಪುರದ ಈ ಕಾಡಿನ ಸುಮಾರು 4 ಚದರ ಕಿ.ಮೀ. ಜಾಗದಲ್ಲಿ ಬಿದ್ದ ಮಳೆ ಎಲ್ಲೆಲ್ಲಿಗೆ ಹೋಯಿತೆಂದು ವಿಜ್ಞಾನಿಗಳು ವರ್ಷಗಟ್ಟಲೆ ಬರೆದಿಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2001ರಲ್ಲಿ ಶುರುವಾದ ಭಾರತ–ಫ್ರಾನ್ಸ್ ಜಲವಿಜ್ಞಾನ ಘಟಕದ ಕೆಲಸವಿದು.

ಮಳೆಮಾಪಕವಿಟ್ಟು, ಹಳ್ಳದ ಬಾಯಲ್ಲಿ ಹರಿವನ್ನು ಅಳೆದು, ಕೊಳವೆಬಾವಿಗಳ ಮಟ್ಟ ನೋಡುವುದು ಈ ಲೆಕ್ಕದ ಸುಲಭದ ಭಾಗ. ನೆಲಕ್ಕಿಳಿದ ನೀರಿನಲ್ಲಿ ಮರ ಕುಡಿದದ್ದೆಷ್ಟು, ಕಲ್ಲಿನ ಬಿರುಕು ಸೇರಿದ್ದೆಷ್ಟು ಎಂಬುದೇ ಕಷ್ಟ. ಅಲ್ಲಿ ನೆರವಿಗೆ ಬರುವುದು ಮಳೆನೀರಿನಲ್ಲೇ ತುಸು ಇರುವ ಕ್ಲೋರೈಡ್. ಬೇರುಗಳು ನೀರು ಹೀರುತ್ತವೆ, ಕ್ಲೋರೈಡನ್ನು ಬಹುತೇಕ ಬಿಟ್ಟುಬಿಡುತ್ತವೆ. ಹಾಗಾಗಿ ಮರಗಳು ಕುಡಿದಷ್ಟೂ ಉಳಿದ ನೀರಿನಲ್ಲಿ ಅದು ಗಾಢವಾಗುತ್ತದೆ. ಅಂತರ್ಜಲದ ಕ್ಲೋರೈಡನ್ನು ಮಳೆಯದರೊಂದಿಗೆ ಹೋಲಿಸಿದರೆ ಇಂಗಿದ ಪಾಲು ತಿಳಿಯುತ್ತದೆ.

ಉತ್ತರ ಬೆರಗು ಹುಟ್ಟಿಸುತ್ತದೆ. ವರ್ಷಕ್ಕೆ ಸುಮಾರು 1,100 ಮಿ.ಮೀ. ಮಳೆಯಲ್ಲಿ ನೇರವಾಗಿ ಅಂತರ್ಜಲ ಸೇರುವುದು ಸರಾಸರಿ 45 ಮಿ.ಮೀ. ಆಸುಪಾಸು. ಹಳ್ಳದ ತಳದಿಂದ ಇನ್ನಷ್ಟು ಇಳಿಯುತ್ತದೆ. ಉಳಿದದ್ದರಲ್ಲಿ ಬಹುಪಾಲು ಆವಿಯಾಗಿ ಮೇಲೆ ಹೋಗುತ್ತದೆ. ಮಣ್ಣಿನ ಕೆಳಗೆ, ಗಟ್ಟಿ ಬಂಡೆಯ ಮೇಲೆ ಹಲವು ಮೀಟರ್ ದಪ್ಪಕ್ಕೆ ಶಿಥಿಲಗೊಂಡ ಶಿಲೆಯ ಪದರವಿದೆ. ಬೇಸಿಗೆಯಲ್ಲಿ ಮರಗಳ ಬೇರುಗಳು ಅಲ್ಲಿನ ತೇವವನ್ನೂ ಎಳೆಯುತ್ತವೆ. ಮುಂದಿನ ಮಳೆ ಮೊದಲು ಆ ಪದರದ ದಾಹ ತೀರಿಸಬೇಕು, ಮಿಕ್ಕಿದ್ದು ಅಂತರ್ಜಲಕ್ಕೆ. ಒಳ್ಳೆಯ ಮಳೆಯಾದ ವರ್ಷವೂ ಬಾವಿ ಏರದಿರಲು ಕಾರಣ ಹಿಂದಿನ ವರ್ಷಗಳ ಬರವಾಗಿರಬಹುದು.

ಕಾಡಿದ್ದಲ್ಲೆಲ್ಲ ಅಂತರ್ಜಲ ತುಂಬುತ್ತದೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮೂಲೆಹೊಳೆಯ ಅಂಕಿಗಳು ಹಾಗೆ ಹೇಳುವುದಿಲ್ಲ. ಇದನ್ನು ಮರ ಕಡಿಯಲು ನೆಪವಾಗಿಸಿಕೊಳ್ಳುವುದು ಮಾತ್ರ ಘೋರ ತಪ್ಪು: ಮಣ್ಣು ಕೊಚ್ಚಿಹೋಗದಂತೆ ಹಿಡಿದಿರುವುದೂ ಅವೇ ಬೇರುಗಳು.

ಕಾಡಿನಾಚೆ, ಗುಂಡ್ಲುಪೇಟೆ ತಾಲ್ಲೂಕಿನಲ್ಲೇ, ಬೇರಂಬಾಡಿಯ 84 ಚದರ ಕಿ.ಮೀ. ಜಲಾನಯನದಲ್ಲಿ ಇದೇ ಘಟಕದ ಮತ್ತೊಂದು ಅಧ್ಯಯನವಿದೆ. ಅರಿಸಿನ, ಈರುಳ್ಳಿ ಬೆಳೆಯುವ ಸೀಮೆಯಿದು. ಇಲ್ಲಿ ನೀರು ಎಳೆಯುವುದು ಬೇರಿಗಿಂತ ಹೆಚ್ಚಾಗಿ ಪಂಪು. ಘಟಕದ ಪ್ರೊ. ಎಂ. ಶೇಖರ್ ಮತ್ತವರ ಸಂಗಡಿಗರು ರೈತರ ಹೊಲಗಳಲ್ಲೇ ಮಣ್ಣಿನ ತೇವ ಅಳೆದರು, ಕೊಳವೆಬಾವಿಗಳ ಮಟ್ಟ ಗುರುತಿಸಿದರು. ಮೇಲಿನಿಂದ ನೋಡುವ ಉಪಗ್ರಹ ನೆಲದ ಒದ್ದೆಯನ್ನು ಎಷ್ಟು ಸರಿಯಾಗಿ ಹೇಳುತ್ತದೆಂದು ಒರೆಹಚ್ಚಲು ಈ ಹೊಲಗಳ ಅಳತೆಗಳನ್ನೇ ಬಳಸಲಾಗಿದೆ.