ಹೊಸ ಗಾಡಿಯ ಕಂತು, ಹಳೆ ಗಾಡಿಯ ಹಲ್ಲು

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಕೂಡುತ್ತದೆ. ಅದರೊಂದಿಗೆ ನಡೆಯುವ ಜಾನುವಾರು ಸಂತೆಗೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತರು ಎತ್ತು ಹೊಡೆದುಕೊಂಡು ಬರುವ ರೂಢಿ ಬಹಳ ಹಳೆಯದು. ಅಲ್ಲಿ ಎತ್ತು ಕೊಳ್ಳುವವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಆಮೇಲೆ ನಡೆಸಿ ನೋಡುವುದು, ಹೆಗಲು ಮುಟ್ಟಿ ನೋಡುವುದು, ಕೊನೆಗೆ ದಲ್ಲಾಳಿಯ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಮುಗಿಸುವುದು. ದುಡಿದ ಎತ್ತನ್ನು ಕೊಳ್ಳುವುದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಹೊಲದ ಕೆಲಸ ಬಲ್ಲ ಎತ್ತಿಗೆ ಪಳಗದ ಹೋರಿಗಿಂತ ಹೆಚ್ಚು ಬೆಲೆ ಬರುವುದೂ ಉಂಟು.

ಅದೇ ರೈತ ಕಾರು ಕೊಳ್ಳಲು ಹೊರಟಾಗ ಲೆಕ್ಕ ಬದಲಾಗುತ್ತದೆ. ಸಿಂದಗಿ ತಾಲ್ಲೂಕಿನ ಯಂಕಂಚಿಯಂಥ ಊರಿನಲ್ಲಿ ತೊಗರಿ, ಹತ್ತಿ, ಕಬ್ಬಿನ ದುಡ್ಡು ಕೈಗೆ ಬಂದ ವರ್ಷ, ಮನೆಗೊಂದು ನಾಲ್ಕು ಗಾಲಿಯ ಗಾಡಿ ಬೇಕೆಂಬ ಮಾತು ಏಳುತ್ತದೆ. ಆಸ್ಪತ್ರೆಗೆ ವಿಜಯಪುರ ಅಥವಾ ಸೋಲಾಪುರ, ಮಗಳ ಕಾಲೇಜಿಗೆ ಕಲಬುರಗಿ, ಬೀಗರ ಊರಿನ ಮದುವೆ, ಜಾತ್ರೆ – ಕಾರಣಗಳಿಗೆ ಕೊರತೆಯಿಲ್ಲ. ಪ್ರಶ್ನೆ ಒಂದೇ: ಸಾಲ ಮಾಡಿ ಷೋರೂಮಿನಿಂದ ಹೊಸದನ್ನೇ ತರುವುದೋ, ಇನ್ನೊಬ್ಬರು ಓಡಿಸಿದ್ದನ್ನು ಕಡಿಮೆಗೆ ಕೊಳ್ಳುವುದೋ? ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡ ಮನೆ, ಕಾರನ್ನಷ್ಟೇ ಅಲ್ಲ, ಕೆಲವೊಮ್ಮೆ ಎಕರೆ ಹೊಲವನ್ನೂ ಕಳೆದುಕೊಳ್ಳುತ್ತದೆ.

ಹಳೆಯದು ಹೊಸದಕ್ಕಿಂತ ಅಗ್ಗ ಎಂಬುದು ಇಂದು ಎಲ್ಲರೂ ಒಪ್ಪುವ ಮಾತು. ಆದರೆ ನಮ್ಮ ದೇಶದಲ್ಲಿ ಇದು ಯಾವಾಗಲೂ ನಿಜವಾಗಿರಲಿಲ್ಲ. ಸ್ವಾತಂತ್ರ್ಯಾನಂತರದ ಮೂರು ದಶಕಗಳಲ್ಲಿ ಭಾರತದ ರಸ್ತೆಗಳ ಮೇಲೆ ಮುಖ್ಯವಾಗಿ ಮೂರು ಕಾರುಗಳಿದ್ದವು: ಹಿಂದುಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಮುಂಬೈಯ ಪ್ರೀಮಿಯರ್ ಕಂಪನಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ತಯಾರಿಸಬೇಕೆಂಬುದನ್ನು ಸರ್ಕಾರದ ಲೈಸೆನ್ಸು ನಿರ್ಧರಿಸುತ್ತಿತ್ತು. ಮಾರಾಟ ಮತ್ತು ಹಂಚಿಕೆ 1959ರ ಒಂದು ಆದೇಶದ ಹಿಡಿತದಲ್ಲಿತ್ತು. 1969ರಿಂದ 1975ರವರೆಗೆ ಬೆಲೆಯನ್ನೂ ಸರ್ಕಾರವೇ ಕಟ್ಟಿಹಾಕಿತ್ತು. ಬೇಡಿಕೆ ಹೆಚ್ಚು, ಸರಕು ಕಡಿಮೆ. ಹೀಗಾಗಿ ಹೊಸ ಫಿಯಟ್‌ಗೆ ಹೆಸರು ಹಚ್ಚಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಬಂದು ಕಾರು ಪಡೆದವನು ಮರುದಿನವೇ ಮಾರಿದರೂ ಕೊಟ್ಟ ಬೆಲೆಗಿಂತ ಹೆಚ್ಚು ಸಿಗುತ್ತಿತ್ತು. ಹೊಸದಕ್ಕೆ ಸರ್ಕಾರದ ಬೆಲೆ, ಹಳೆಯದಕ್ಕೆ ಸಂತೆಯ ಬೆಲೆ. ಕಾಯುವ ಕಷ್ಟವನ್ನು ತಪ್ಪಿಸಿಕೊಟ್ಟ ಹಳೆ ಕಾರಿಗೇ ಮೇಲುಗೈ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರ ಬೆಲೆ ಐವತ್ತು ಸಾವಿರ ರೂಪಾಯಿಗಿಂತ ಕಡಿಮೆಯಿತ್ತು. ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದ್ದರು. ಸರದಿಯ ಚೀಟಿಗೇ ಮೇಲ್ಬೆಲೆ ಹುಟ್ಟಿತು. 1993ರಲ್ಲಿ ಕಾರು ತಯಾರಿಕೆ ಲೈಸೆನ್ಸಿನಿಂದ ಬಿಡುಗಡೆಯಾಯಿತು. ವಿದೇಶಿ ಕಂಪನಿಗಳು ಬಂದವು, ಬ್ಯಾಂಕುಗಳು ಕಾರಿಗೆ ಸಾಲ ಕೊಡಲು ಮುಂದೆ ಬಂದವು. ಬೇಕೆಂದಾಗ ಹೊಸ ಕಾರು ಸಿಗುವಂತಾದ ಮೇಲೆಯೇ ಹಳೆ ಕಾರು ನಿಜವಾದ ಅರ್ಥದಲ್ಲಿ ಹಳೆಯದಾಯಿತು, ಅಗ್ಗವಾಯಿತು. ಆಗ ಪಟ್ಟಣಗಳ ಮಾರುತಿಗಳು ಎರಡನೇ, ಮೂರನೇ ಕೈಗೆ ದಾಟಿ ಹಳ್ಳಿಗಳತ್ತ ಸಾಗಿದವು.

ಈ ಮಾರುಕಟ್ಟೆಯ ಬಲವೆಷ್ಟೆಂದು ತೋರಿಸಿದ್ದು ಟಾಟಾ ನ್ಯಾನೊ. 2009ರಲ್ಲಿ ಲಕ್ಷ ರೂಪಾಯಿ ಕಾರೆಂಬ ಹೆಸರಿನೊಂದಿಗೆ ಅದು ಮಾರಾಟಕ್ಕೆ ಬಂತು. ಮೋಟಾರ್ ಸೈಕಲ್ಲಿನ ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಕೂತು ಹೋಗುವ ಕುಟುಂಬವೇ ಅದರ ಗಿರಾಕಿ ಎಂದು ಕಂಪನಿ ನಂಬಿತ್ತು. ಆದರೆ ಕೆಲವು ವರ್ಷಗಳಲ್ಲೇ ಮಾರಾಟ ಕುಸಿದು, 2018ರ ಹೊತ್ತಿಗೆ ತಯಾರಿಕೆ ನಿಂತಿತು. ಕಾರಣಗಳು ಹಲವು. ಅಷ್ಟೇ ಹಣಕ್ಕೆ ಓಡಿಸಿದ ಮಾರುತಿಯೋ ಆಲ್ಟೊವೋ ಸಿಗುತ್ತಿದ್ದುದು ಅವುಗಳಲ್ಲೊಂದು. ಅತಿ ಅಗ್ಗದ ಹೊಸ ಕಾರಿಗೆ ಎದುರಾಳಿಯಾಗಿ ನಿಂತದ್ದು ಹಳೆ ಕಾರು.

ಹೊಸ ಕಾರಿನ ಬೆಲೆಯಲ್ಲಿ ಕಾರಿನದಲ್ಲದ ಪಾಲು ಸಾಕಷ್ಟಿದೆ. ಆರು ಲಕ್ಷ ರೂಪಾಯಿಯ ಕಾರನ್ನು ತೆಗೆದುಕೊಂಡರೆ, ಆ ಬೆಲೆಯೊಳಗೇ ಜಿಎಸ್‌ಟಿ ಸೇರಿರುತ್ತದೆ. ಸಣ್ಣ ಕಾರುಗಳ ಮೇಲಿನ ಈ ತೆರಿಗೆ ಮೊದಲು ಶೇ 28 ಮತ್ತು ಉಪಕರವಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿಯಿತು. ಇದರ ಮೇಲೆ ಕರ್ನಾಟಕದ ಆಜೀವ ತೆರಿಗೆ. ಐದು ಲಕ್ಷದಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಇದು ಶೇ 14, ಅಂದರೆ ಆರು ಲಕ್ಷಕ್ಕೆ 84,000 ರೂಪಾಯಿ. ಉಪಕರ ಬೇರೆ. ಮೂರನೆಯವರ ಹಾನಿಯ ವಿಮೆಯನ್ನು ಹೊಸ ಕಾರಿಗೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕೆಂಬ ನಿಯಮ 2018ರಿಂದ ಇದೆ. ಹೀಗೆ ಆರು ಲಕ್ಷದ ಕಾರು ಮನೆ ಮುಂದೆ ಬಂದು ನಿಲ್ಲುವಾಗ ಏಳು ಲಕ್ಷವಾಗಿರುತ್ತದೆ. ಮಾರುವಾಗ ಈ ಹೆಚ್ಚುವರಿ ಲಕ್ಷವನ್ನು ಯಾರೂ ಹಿಂದಿರುಗಿಸುವುದಿಲ್ಲ. ಆಜೀವ ತೆರಿಗೆ ಗಾಡಿಯೊಂದಿಗೇ ಹೋಗುತ್ತದೆ. ರಾಜ್ಯದೊಳಗೆ ಹಳೆ ಕಾರು ಕೊಳ್ಳುವವನು ಅದನ್ನು ಮತ್ತೆ ಕಟ್ಟಬೇಕಿಲ್ಲ.

ಬೆಲೆ ಇಳಿಯುವ ವೇಗಕ್ಕೆ ವಿಮೆಯವರ ಪಟ್ಟಿಯೇ ಒಂದು ಅಳತೆಗೋಲು. ಒಂದು ವರ್ಷ ತುಂಬುವಾಗ ಶೇ 15, ಎರಡನೆಯ ವರ್ಷ ತುಂಬುವಾಗ ಶೇ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50ರಷ್ಟು ಸವಕಳಿ ಎಂದು ಆ ಪಟ್ಟಿ ಹಿಡಿಯುತ್ತದೆ. ಸಂತೆಯ ಬೆಲೆ ಇದಕ್ಕಿಂತ ಹೆಚ್ಚುಕಡಿಮೆಯಾಗಬಹುದು. ಬಿಡಿಭಾಗ ಸುಲಭವಾಗಿ ಸಿಗುವ, ಸಿಂದಗಿಯ ಮೆಕ್ಯಾನಿಕ್ ಕಣ್ಣುಮುಚ್ಚಿ ಬಿಚ್ಚಬಲ್ಲ ಗಾಡಿಗೆ ಬೆಲೆ ನಿಲ್ಲುತ್ತದೆ. ಹೆಸರು ಕೇಳದ ಗಾಡಿಗೆ ಕುಸಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಕೈಯಲ್ಲಿ ಎರಡು ಲಕ್ಷ ರೂಪಾಯಿ ಇದೆ. ಏಳು ಲಕ್ಷದ ಹೊಸ ಕಾರಿಗೆ ಉಳಿದ ಐದು ಲಕ್ಷವನ್ನು ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 10,380 ರೂಪಾಯಿ. ಒಟ್ಟು ಬಡ್ಡಿ 1.23 ಲಕ್ಷ. ನಾಲ್ಕು ವರ್ಷ ಓಡಿದ ಅದೇ ಕಾರು ಮೂರೂವರೆ ಲಕ್ಷಕ್ಕೆ ಸಿಕ್ಕಿತೆನ್ನೋಣ. ಹಳೆ ಗಾಡಿಯ ಸಾಲಕ್ಕೆ ಬಡ್ಡಿ ಹೆಚ್ಚು, ಅವಧಿ ಕಡಿಮೆ. ಉಳಿದ ಒಂದೂವರೆ ಲಕ್ಷಕ್ಕೆ ಶೇ 14ರಂತೆ ಮೂರು ವರ್ಷಕ್ಕೆ ಕಂತು ಸುಮಾರು 5,130 ರೂಪಾಯಿ, ಒಟ್ಟು ಬಡ್ಡಿ 35 ಸಾವಿರದೊಳಗೆ. ಬಡ್ಡಿಯ ದರ ಹೆಚ್ಚಿದ್ದರೂ ಬಡ್ಡಿಯ ಹಣ ಕಡಿಮೆ.

ಐದು ವರ್ಷವಾದ ಮೇಲೆ ಎರಡನ್ನೂ ಮಾರಿದರೆ? ಹೊಸದಾಗಿ ಕೊಂಡದ್ದಕ್ಕೆ ಮೂರು ಲಕ್ಷ, ಹಳೆಯದಕ್ಕೆ ಒಂದೂವರೆ ಲಕ್ಷ ಬಂತೆಂದುಕೊಳ್ಳಿ. ಹಳೆ ಗಾಡಿಗೆ ಕ್ಲಚ್ಚು, ಟೈರು, ಬ್ಯಾಟರಿ ಎಂದು ವರ್ಷಕ್ಕೆ ಇಪ್ಪತ್ತು ಸಾವಿರ ಹೆಚ್ಚುವರಿ ಖರ್ಚು ಹಿಡಿಯಿರಿ. ಆಗಲೂ ಹೊಸ ಕಾರಿಗೆ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು, ಹಳೆ ಕಾರಿಗೆ ಸುಮಾರು 67 ಸಾವಿರ ಬೀಳುತ್ತದೆ. ಆದರೆ ಹೊಸ ಕಾರನ್ನು ಐದು ವರ್ಷಕ್ಕೆ ಮಾರದೆ ಹನ್ನೆರಡು ವರ್ಷ ಇಟ್ಟುಕೊಂಡು, ಕೊನೆಗೆ ಒಂದು ಲಕ್ಷಕ್ಕೆ ಕೊಟ್ಟರೆ, ಕೊನೆಯ ಏಳು ವರ್ಷದ ರಿಪೇರಿ ಸೇರಿಸಿದರೂ ವರ್ಷದ ಖರ್ಚು 72 ಸಾವಿರಕ್ಕೆ ಇಳಿಯುತ್ತದೆ. ಅಂತರ ಬಹುತೇಕ ಅಳಿದೇ ಹೋಯಿತು. ಅಂದರೆ ನಷ್ಟ ಹೊಸ ಕಾರು ಕೊಳ್ಳುವುದರಲ್ಲಿಲ್ಲ, ಕೊಂಡು ಬೇಗ ಮಾರುವುದರಲ್ಲಿದೆ.

ಹಾಗಾದರೆ ದೀರ್ಘಕಾಲ ಇಟ್ಟುಕೊಳ್ಳುವವರೆಲ್ಲ ಹೊಸದನ್ನೇ ಕೊಳ್ಳಬಹುದೇ? ಸಂಬಳದ ಮನೆಗೆ ಈ ಮಾತು ಒಪ್ಪೀತು. ಬೇಸಾಯದ ಮನೆಗೆ ಒಂದು ತೊಡಕಿದೆ. ತೊಗರಿಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಕಬ್ಬಿನ ಬಿಲ್ಲು ತಡವಾಗಿಯೂ ಬರುತ್ತದೆ. ಟ್ರ್ಯಾಕ್ಟರಿನ ಸಾಲವನ್ನು ಬ್ಯಾಂಕಿನವರು ಬೆಳೆಯ ಕಾಲ ನೋಡಿ ಆರು ತಿಂಗಳಿಗೋ ವರ್ಷಕ್ಕೋ ಕಂತು ಮಾಡಿಕೊಡುತ್ತಾರೆ. ಕಾರಿನ ಸಾಲಕ್ಕೆ ಸುಗ್ಗಿ ಗೊತ್ತಿಲ್ಲ. ಅದು ತಿಂಗಳು ತಿಂಗಳೂ ಬಾಗಿಲು ಬಡಿಯುತ್ತದೆ. ಮಳೆ ಕೈಕೊಟ್ಟ ವರ್ಷ ನಾಲ್ಕು ಕಂತು ತಪ್ಪಿದರೆ, ಸಾಲ ಕೊಟ್ಟವರು ಗಾಡಿ ಎಳೆದೊಯ್ಯಬಹುದು. ಮೊದಲ ವರ್ಷಗಳಲ್ಲಿ ಕಾರಿನ ಬೆಲೆ ಸಾಲಕ್ಕಿಂತ ವೇಗವಾಗಿ ಇಳಿಯುವುದರಿಂದ, ಗಾಡಿ ಹರಾಜಾದರೂ ಸಾಲ ಪೂರ್ತಿ ತೀರದೆ ಉಳಿಯುವ ಸಂಭವವಿದೆ. 5,000 ರೂಪಾಯಿಯ ಕಂತನ್ನು ಹಾಲು ಮಾರಿಯಾದರೂ ಕಟ್ಟಬಹುದು. 10,000ದ ಕಂತಿಗೆ ಬೇರೆಯವರ ಮುಂದೆ ಕೈಯೊಡ್ಡಬೇಕಾದೀತು.

ಹಳೆ ಕಾರಿನ ಅಪಾಯ ಬೇರೆ ಬಗೆಯದು. ಅಮೆರಿಕದ ಆಡುಮಾತಿನಲ್ಲಿ ಹೊರಗೆ ಚೆನ್ನಾಗಿ ಕಂಡು ಒಳಗೆ ಕೆಟ್ಟಿರುವ ಕಾರಿಗೆ ‘ಲಿಂಬೆಹಣ್ಣು’ ಎನ್ನುತ್ತಾರೆ. ಲಿಂಬೆಯಿಂದಲೇ ಬದುಕು ಕಟ್ಟಿಕೊಂಡ ಇಂಡಿಯ ರೈತರಿಗೆ ಇದು ವಿಚಿತ್ರವೆನಿಸೀತು. ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಈ ಲಿಂಬೆಹಣ್ಣುಗಳ ಬಗ್ಗೆಯೇ 1970ರಲ್ಲಿ ಒಂದು ಪ್ರಬಂಧ ಬರೆದರು. 2001ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೊಂದಿಗೆ ಹಂಚಿಕೊಂಡರು. ಅವರ ವಾದ ಸರಳ. ಮಾರುವವನಿಗೆ ಗಾಡಿಯ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಗಾಡಿಗೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಒಳ್ಳೆಯ ಗಾಡಿ ಇದ್ದವನು ಆ ಬೆಲೆಗೆ ಕೊಡಲೊಲ್ಲದೆ ಹಿಂದೆ ಸರಿಯುತ್ತಾನೆ. ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ.

ಇದಕ್ಕೆ ಮದ್ದು ಎತ್ತಿನ ಸಂತೆಯಲ್ಲೇ ಇದೆ: ಹಲ್ಲು ನೋಡುವುದು. ಮೀಟರಿನಲ್ಲಿ ಕಾಣುವ ಕಿಲೋಮೀಟರು ಕಾರಿನ ಹಲ್ಲಲ್ಲ. ಅದನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಸವೆದ ಪೆಡಲು, ಸ್ಟೇರಿಂಗು, ಟೈರಿನ ಮೇಲೆ ಅಚ್ಚಾದ ತಯಾರಿಕೆಯ ವಾರ ಮತ್ತು ವರ್ಷ, ಸರ್ವೀಸಿನ ದಾಖಲೆ – ಇವು ನಿಜವಾದ ಹಲ್ಲುಗಳು. ಕಾಲಡಿಯ ಹಾಸು ಎತ್ತಿದಾಗ ಒಣಗಿದ ಕೆಸರು, ಮುಗ್ಗಲು ವಾಸನೆ ಕಂಡರೆ ನೆರೆಯಲ್ಲಿ ಮುಳುಗಿದ ಗಾಡಿಯೆಂದು ಅನುಮಾನಿಸಬೇಕು. 2015ರಲ್ಲಿ ಚೆನ್ನೈಯಲ್ಲೂ 2022ರಲ್ಲಿ ಬೆಂಗಳೂರಿನಲ್ಲೂ ಎಷ್ಟೋ ಕಾರುಗಳು ಮಳೆನೀರಿನಲ್ಲಿ ಮುಳುಗಿದ್ದವು.

ಗಡಿಯ ಜಿಲ್ಲೆಗೆ ಇನ್ನೊಂದು ಆಕರ್ಷಣೆಯಿದೆ: ಎಂಎಚ್ 13 ಎಂಬ ಸೋಲಾಪುರದ ನಂಬರಿನ ಗಾಡಿ. ಅಗ್ಗವೆಂದು ತಂದವರು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಕೆಎ 28, ಅಂದರೆ ವಿಜಯಪುರದ ನಂಬರು ಪಡೆಯಬೇಕು. ಅದಕ್ಕೆ ಅಲ್ಲಿನ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಆಜೀವ ತೆರಿಗೆ ಕಟ್ಟಬೇಕು. ಈ ಖರ್ಚು ಸೇರಿಸಿ ನೋಡದ ಅಗ್ಗ, ಅಗ್ಗವಲ್ಲ. ಹದಿನೈದು ವರ್ಷ ತುಂಬುತ್ತ ಬಂದ ಗಾಡಿಯಾದರೆ ನೋಂದಣಿ ನವೀಕರಣವನ್ನೂ ಎಣಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು.

ಎಲ್ಲಕ್ಕಿಂತ ದೊಡ್ಡ ಅಪಾಯ ಮಾರುವವನದು. ಹಣ ಎಣಿಸಿಕೊಂಡು, ಸಹಿ ಮಾಡಿದ ಖಾಲಿ ಫಾರಂ ಕೊಟ್ಟು ಗಾಡಿ ಬಿಟ್ಟುಬಿಡುವುದು ಹಳ್ಳಿಗಳಲ್ಲಿ ಸಾಮಾನ್ಯ. ಉತ್ತರ ಭಾರತದ ಒಂದು ಪ್ರಕರಣದಲ್ಲಿ 2007ರಲ್ಲಿ ಮಾರಿದ ಕಾರು ಹಲವು ಕೈ ಬದಲಿಸಿ, 2009ರಲ್ಲಿ ಅಪಘಾತಕ್ಕೀಡಾಗಿ ಬಾಲಕನೊಬ್ಬ ಸತ್ತ. ದಾಖಲೆಯಲ್ಲಿ ಹೆಸರು ಮಾತ್ರ ಮೊದಲ ಮಾಲೀಕನದೇ ಇತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ತೀರ್ಪಿತ್ತಿತು. ಎಂದೋ ಮಾರಿದ ಕಾರು ಎರಡು ವರ್ಷದ ಮೇಲೆ ಲಕ್ಷಗಳ ಹೊರೆಯಾಗಿ ಮನೆಗೆ ಮರಳಿತು. ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವನು ಮೂವತ್ತು ದಿನದೊಳಗೆ ಹೆಸರು ವರ್ಗ ಮಾಡಿಸಿಕೊಳ್ಳಬೇಕು. ಗಾಡಿಯ ಮೇಲೆ ಬ್ಯಾಂಕಿನ ಹೆಸರಿದ್ದರೆ ಅದನ್ನು ತೆಗೆಸದೆ ಹಣ ಕೊಡಬಾರದು. ವಿಮೆಯಲ್ಲಿ ಸಿಗುವ ಕ್ಲೇಮುರಹಿತ ರಿಯಾಯಿತಿ ಗಾಡಿಯದಲ್ಲ, ಹಳೆ ಮಾಲೀಕನದು. ಹೊಸಬನು ಮೊದಲಿನಿಂದ ಗಳಿಸಬೇಕು.

ಇಷ್ಟೆಲ್ಲ ಲೆಕ್ಕದ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ವರ್ಷದಲ್ಲಿ ಎಷ್ಟು ದಿನ ಗಾಡಿ ಹೊರಬೀಳುತ್ತದೆ? ಜಾತ್ರೆಗೆ, ಮದುವೆಗೆ, ಎರಡು ಸಲ ಆಸ್ಪತ್ರೆಗೆ ಎಂದು ಮೂವತ್ತು ದಿನ ಮಾತ್ರವಾದರೆ, ವರ್ಷಕ್ಕೆ 67 ಸಾವಿರವೆಂದರೂ ದಿನಕ್ಕೆ 2,200 ರೂಪಾಯಿ ಮೀರಿತು, ಎಣ್ಣೆಯ ಖರ್ಚು ಸೇರದೆ. ಆ ಊರುಗಳಲ್ಲಿ ಇಡೀ ಬಳಗವನ್ನು ತುಂಬಿಕೊಂಡು ಹೋಗುವ ಬಾಡಿಗೆ ಕ್ರೂಸರಿಗೆ ಕೊಡುವ ಹಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಡುರಾತ್ರಿಯ ಹೆರಿಗೆನೋವಿಗೆ ಬಾಡಿಗೆ ಗಾಡಿ ಸಿಗದೆಂಬುದೂ ನಿಜ. ಆ ಧೈರ್ಯಕ್ಕೆಂದೇ ಗಾಡಿ ಬೇಕಾದರೆ, ಅದು ಹೊಸದಾಗಿರಲೇಬೇಕೆಂದಿಲ್ಲ. ಕೀಲಿ ತಿರುವಿದಾಗ ಚಾಲೂ ಆಗುವಂತಿದ್ದರೆ ಸಾಕು. ಹಲ್ಲು ನೋಡಿ ಎತ್ತು ಆರಿಸಬಲ್ಲ ಕಣ್ಣುಗಳಿಗೆ ಅಂಥದೊಂದನ್ನು ಹುಡುಕುವುದು ಕಷ್ಟವಲ್ಲ.