ನೂರರ ನೋಟಿದ್ದರೆ ಮಾತ್ರ ನೇಪಾಳ!

ಕುಮಟಾ ಬಸ್ ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಹಾಕುವ ಹುಡುಗನೊಬ್ಬ ಹಳೇ ಕರಿ ಸೈಕಲ್ ತುಳಿದುಕೊಂಡು ಕಠ್ಮಂಡುವಿಗೆ ಹೋಗಿಬಂದ ಎಂದರೆ ಬಸ್ಸಿಗೆ ಕಾಯುವವರು ಈಗಲೂ ನಗುತ್ತಾರೆ. ಹೋದದ್ದು ನಿಜ. 2019ರ ಮಾರ್ಚ್ 4ರ ಶಿವರಾತ್ರಿಗೆ ಪಶುಪತಿನಾಥನ ದರ್ಶನ ಮಾಡುವ ಹರಕೆ. ಅಲ್ಲಿ ಪೂಜೆಗೆ ನಿಲ್ಲುವ ಭಟ್ಟರು ಕರ್ನಾಟಕದ ಕಡೆಯವರೇ ತಾನೆ, ಮಾತಾಡೋಕೆ ಜನ ಇದ್ದಾರೆ ಎಂಬ ಧೈರ್ಯ ಬೇರೆ.

ಎರಡು ಸಾವಿರ ಕಿ.ಮೀ. ತುಳಿದು ಮಾರ್ಚ್ 1ರ ಶುಕ್ರವಾರ ಬೆಳಿಗ್ಗೆ ಬಿಹಾರದ ರಕ್ಸೌಲ್ ಮುಟ್ಟಿದಾಗ ಆ ಧೈರ್ಯ ಅರ್ಧ ಇಳಿಯಿತು. ಪೊಲೀಸರಿಗೆ ಹೆದರಿ ಅಲ್ಲ, ನೋಟಿಗೆ ಹೆದರಿ. ನೂರಕ್ಕಿಂತ ದೊಡ್ಡ ಭಾರತದ ನೋಟು ನಡೆಯದು ಎಂದು ನೇಪಾಳ ಸರಕಾರ 2018ರ ಡಿಸೆಂಬರಿನಲ್ಲಿ ಸಾರಿತ್ತು. ಈತನ ಒಳಜೇಬಿನಲ್ಲಿದ್ದದ್ದು ಐನೂರರ ಆರು ನೋಟು! ಚಿಲ್ಲರೆ ಕೊಟ್ಟ ಅಂಗಡಿಯವ ನೋಟಿಗೆ ಇಪ್ಪತ್ತರಂತೆ ಮುರಿದುಕೊಂಡ. ನೂರಿಪ್ಪತ್ತು ರೂಪಾಯಿ ನಿಂತಲ್ಲೇ ಹೋಯ್ತು. ನಮ್ಮ ವ್ಯಾಪಾರಸ್ಥರು ಬೈಯಬೇಡಿ, ಅದೂ ಒಂದು ವ್ಯಾಪಾರವೇ.

ಲಾರಿಗಳ ಸಾಲು, ಕುದುರೆ ಟಾಂಗಾ, ಶಿವರಾತ್ರಿಗೆ ಹೊರಟ ಸಾಧುಗಳು. ಸೇತುವೆ ದಾಟಿದರೆ ಬೀರ್‌ಗಂಜ್, ಅಲ್ಲಿ ಶಂಕರಾಚಾರ್ಯ ದ್ವಾರ. ನಮ್ಮವರಿಗೆ ವೀಸಾ ಬೇಡ. ಮೋಟಾರ್ ಗಾಡಿಯವರು ಸುಂಕ ಕಟ್ಟಲು ಕಾಗದ ಹಿಡಿದು ನಿಂತಿದ್ದರು, ಸೈಕಲ್ಲನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಓಟರ್ ಕಾರ್ಡು ಕೈಯಲ್ಲೇ ಹಿಡಿದಿದ್ದ ಹುಡುಗನಿಗೆ ಸ್ವಲ್ಪ ಬೇಜಾರೇ ಆಯಿತಂತೆ. ಚಾ ಅಂಗಡಿ ಗಡಿಯಾರ ಹದಿನೈದು ನಿಮಿಷ ಮುಂದೆ, ಕ್ಯಾಲೆಂಡರಿನಲ್ಲಿ 2075ನೇ ಇಸವಿ!

ಸಿಮರಾ ದಾಟಿದ್ದೇ ಹಿಂದಿನ ಟಯರು ಸೀಳಿತು. ತಳ್ಳಿಕೊಂಡು ಪಥಲೈಯಾ ಸರ್ಕಲ್ಲಿಗೆ ಬರುವಾಗ ಮಧ್ಯಾಹ್ನ ಮೂರು.

"ಹೊಸ ಟಯರು ನಾನೂರ ಎಂಬತ್ತು" ಅಂದ ಅಂಗಡಿಯವ.

ಎದೆ ಧಸಕ್ ಎಂದಿತು. ಆಮೇಲೆ ಅವನೇ, "ಎನ್.ಸಿ. ಮಾರಾಯಾ, ಐ.ಸಿ. ಅಲ್ಲ" ಎಂದ ಹಿಂದಿಯಲ್ಲಿ. ಎನ್.ಸಿ. ಎಂದರೆ ನೇಪಾಳಿ ರೂಪಾಯಿ, ಐ.ಸಿ. ನಮ್ಮದು. ನಮ್ಮ ನೂರಕ್ಕೆ ಅವರದು ನೂರ ಅರವತ್ತು, 1993ರಿಂದ ಇದೇ ದರ. ಅಂದರೆ ಮುನ್ನೂರು! ನೂರರ ಮೂರು ನೋಟು ಕೊಟ್ಟು, ಅವನದೇ ಸಾಮಾನು ಇಸಕೊಂಡು ತಾನೇ ಹಾಕಿಕೊಂಡ. ಕೈಚಳಕ ನೋಡಿದ ಅಂಗಡಿಯವ ಇನ್ನೆರಡು ಪಂಕ್ಚರ್ ಸೈಕಲ್ ಮುಂದೆ ತಂದಿಟ್ಟ, ಮಜೂರಿ ಮಾತ್ರ ಒಂದು ಚಾ.

ಮುಂದೆ ಕಾಡು. "ಕತ್ತಲಾದರೆ ಆನೆ ಬರ್ತದೆ" ಎಂದು ಹೆದರಿಸಿದರು. ಹೆಟೌಡಾ ಮುಟ್ಟುವ ಲೆಕ್ಕ ತಪ್ಪಿ ಅಮ್ಲೇಖ್‌ಗಂಜಿನಲ್ಲೇ ರಾತ್ರಿ. ಉಳಿದದ್ದು ಮೂರೇ ದಿನ, ನಡುವೆ ಸಿಂಭಂಜ್ಯಾಂಗ್ ಘಾಟಿ, 2,488 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಅರ್ಧ ಕಿಲೋಮೀಟರ್ ಎತ್ತರ! (ಸೋಮವಾರ ಮಧ್ಯಾಹ್ನ ಕ್ಯೂ ಸೇರಿಕೊಂಡ ಬಿಡಿ.)

ರಾತ್ರಿ ಊಟದ ಮನೆಯಲ್ಲಿ ಅನ್ನ, ಬೇಳೆ, ಪಲ್ಯ. ಎರಡನೇ ಸಲ ಅನ್ನ ತಂದಾಗ ದುಡ್ಡಿನ ಹೆದರಿಕೆಗೆ ತಟ್ಟೆಗೆ ಕೈ ಅಡ್ಡ ಹಿಡಿದ. ಯಜಮಾನಿ ನಕ್ಕು ಬಡಿಸಿಯೇಬಿಟ್ಟಳು. ಆ ಕಡೆ ಎಷ್ಟು ಸಲ ಬಡಿಸಿದರೂ ಒಂದೇ ಊಟದ ಲೆಕ್ಕವಂತೆ.

"ಮೊದಲೇ ಹೇಳಬಾರದಿತ್ತಾ ಅಕ್ಕಾ!" ಎಂದು ಕನ್ನಡದಲ್ಲೇ ಅಂದು, ಮೂರನೇ ಸಲ ತಟ್ಟೆ ಮುಂದೆ ತಳ್ಳಿದ.